ಅಮ್ಮ ಬರುವಷ್ಟು ಓದು

ಸೀತಾಲಕ್ಷ್ಮಿ ಟೀಚರಿಗೆ ಕೋಪ ಮೂಗಿನ ತುದಿಯಲ್ಲೇ ಎಂಬುದು ಅವರ ಶಾಲೆಯ ಒಂದನೇ ತರಗತಿಯ ಮಗುವಿಗೂ ಗೊತ್ತು. ಆದರೆ ಅವರ ಕೈಗೆ ಸಿಕ್ಕ ಮಗು ಓದು ಕಲಿಯದೆ ಹೋಗುವುದಿಲ್ಲ ಎಂಬುದು ಜಿಲ್ಲೆಗೇ ಗೊತ್ತು. ಇಪ್ಪತ್ತಾರು ವರ್ಷದಿಂದ ಅವರು ಶಿವಮೊಗ್ಗದ ವಿನೋಬನಗರದ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿಗೆ ಬರುತ್ತಾರೆ, ನ್ಯೂ ಟೌನಿನ ಹಿಂಬದಿಯ ಆ ಸರ್ಕಾರಿ ಶಾಲೆಯಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುತ್ತಾರೆ, ಸಂಜೆ ಮತ್ತೆ ಬಸ್ಸಿನಲ್ಲಿ ತೂಕಡಿಸುತ್ತಾ ಮನೆ ಸೇರುತ್ತಾರೆ. ಬೇರೆ ಕಡೆ ಐದನೇ ತರಗತಿ ಮುಟ್ಟಿದ ಮಕ್ಕಳೂ ಪುಸ್ತಕ ಕಂಡರೆ ಕಣ್ಣು ಕಣ್ಣು ಬಿಡುತ್ತಿದ್ದಾಗ, ಇವರ ಮಕ್ಕಳು ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಓದಿಯೇ ಬಿಸಾಡುತ್ತಿದ್ದರು.

ಅವರ ಗುಟ್ಟು ಬಹಳ ದೊಡ್ಡದೇನಲ್ಲ. ‘ಆಸೆ ಇಲ್ಲದೆ ಅಕ್ಷರ ಹತ್ತದು’ ಎನ್ನುತ್ತಿದ್ದರು, ಅಷ್ಟೇ. ಪ್ರತಿ ಮಗುವಿಗೂ ಏನೋ ಒಂದರ ಮೇಲೆ ಆಸೆ ಇರುತ್ತದೆ, ಅದು ಯಾವುದೆಂದು ಹುಡುಕಿ ಅದರ ಪಕ್ಕಕ್ಕೆ ಅಕ್ಷರ ತಂದು ಇಟ್ಟರೆ ಮಿಕ್ಕಿದ್ದನ್ನು ಮಗುವೇ ನೋಡಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಡ್ರೈವರನ ಮಗನಿಗೆ ಬಸ್ ಸ್ಟ್ಯಾಂಡಿನ ಬೋರ್ಡುಗಳೇ ಪಠ್ಯಪುಸ್ತಕ. ಯೋಗರಾಜನೆಂಬ ತಿಂಡಿಪೋತನನ್ನು ಶನಿವಾರ ಮಧ್ಯಾಹ್ನ ಹೋಟೆಲಿಗೆ ಕರೆದುಕೊಂಡು ಹೋಗಿ, “ಬೋರ್ಡಲ್ಲಿ ಯಾವ್ದು ಓದ್ತೀಯೋ ಅದು ನಿನ್ ತಟ್ಟೆಗೆ ಬರುತ್ತೆ” ಎಂದು ಕೂರಿಸಿದ್ದರು. ಮೊದಲ ವಾರ ವಡೆ ಒಂದನ್ನೇ ತಿಂದು ಮುಖ ಊದಿಸಿಕೊಂಡು ಬಂದವನು, ಆರನೇ ವಾರಕ್ಕೆ ಈರುಳ್ಳಿ ಉತ್ತಪ್ಪದವರೆಗೆ ತಲುಪಿದ್ದ. ಶಿವಮೊಗ್ಗದಲ್ಲಿ ನಡೆಯುವ ಶಿಕ್ಷಕರ ತರಬೇತಿಗಳಲ್ಲಿ ಈ ಕಥೆಗೆ ಈಗಲೂ ಚಪ್ಪಾಳೆ ಬೀಳುತ್ತದೆ. ಟೀಚರಿಗೂ ಚಪ್ಪಾಳೆಯ ಮೇಲೆ ಆಸೆ ಇರಲಿಲ್ಲವೆಂದರೆ ಅದು ಸುಳ್ಳಾದೀತು.

ಆ ವರ್ಷ ಇಲಾಖೆಯಿಂದ ನೂರು ದಿನದ ಓದಿನ ಕಾರ್ಯಕ್ರಮವೊಂದು ಬಂತು. ಗೋಡೆಯ ಮೇಲೆ ಒಂದು ಏಣಿ ಬರೆಯಬೇಕು, ಅದಕ್ಕೆ ನಾಲ್ಕು ಮೆಟ್ಟಿಲು: ಅಕ್ಷರ, ಪದ, ವಾಕ್ಯ, ಕಥೆ. ಮಗುವಿನ ಹೆಸರಿನ ಚೀಟಿಯನ್ನು ಅದು ಓದಬಲ್ಲ ಮೆಟ್ಟಿಲಿಗೆ ಅಂಟಿಸಬೇಕು, ಕಲಿತಂತೆ ಮೇಲೆ ಏರಿಸಬೇಕು. ಮೂರರಿಂದ ಐದನೇ ತರಗತಿಯವರೆಗಿನ ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೇಳು ಚೀಟಿಗಳು ಸಂಕ್ರಾಂತಿಯ ಹೊತ್ತಿಗೆ ಕಥೆಯ ಮೆಟ್ಟಿಲಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕುಳಿತಿದ್ದವು. ಕೆಳಗೆ ಅಕ್ಷರದ ಮೆಟ್ಟಿಲಲ್ಲಿ ಒಂದೇ ಒಂದು ಚೀಟಿ ಉಳಿದಿತ್ತು. ಹೇಮಶ್ರೀ, ಐದನೇ ತರಗತಿ.

ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ವಿಜಯಕುಮಾರ್ ಬಂದವರು ಏಣಿ ನೋಡಿ ನಕ್ಕರು. “ಒಂದ್ ಮಗೂಗೆ ಯಾಕ್ ಮೇಡಂ ತಲೆ ಕೆಡಿಸ್ಕೋತೀರಾ? ಇನ್ನು ಎರಡು ಮೂರು ತಿಂಗಳಿಗೆ ಇಲ್ಲಿಂದ ಬೇರೆ ಶಾಲೆಗೆ ಹೋಗ್ತಾಳೆ. ವಾಕ್ಯ ಅಂತ ಬರ್ದ್‌ಬಿಡಿ, ನಿಮ್ ಶಾಲೆ ನೂರಕ್ಕೆ ನೂರು.”

“ನನ್ನ ರಿಜಿಸ್ಟರಲ್ಲಿ ಸುಳ್ಳು ಬರಿಯೋ ಅಭ್ಯಾಸ ನಂಗಿಲ್ಲ” ಎಂದು ಟೀಚರು ಸಿಡುಕಿದರು. ಹಾಗೆ ಅಂದದ್ದೇ ನಾಲಿಗೆ ಕಚ್ಚಿಕೊಂಡರು. ರಿಜಿಸ್ಟರಿನಲ್ಲಿ ಅಲ್ಲದಿದ್ದರೂ, ಆ ಹುಡುಗಿಯ ವಿಷಯದಲ್ಲಿ ಅವರು ಹೇಳಿದ ಸುಳ್ಳು ಒಂದಿತ್ತು.

ಆಗಿದ್ದು ಹೀಗೆ. ಹೇಮಶ್ರೀ ಎರಡನೇ ತರಗತಿಯಲ್ಲಿದ್ದಾಗಿನ ಮಾತು. ಕೊರೋನಾ ರಜೆ ಮುಗಿದು ಶಾಲೆಗಳು ಆಗ ತಾನೇ ಬಾಗಿಲು ತೆರೆದಿದ್ದವು. ಹುಡುಗಿಯ ಅಪ್ಪ ಹಾಲೇಶ ಲಾರಿ ಅಪಘಾತದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ಕಲಾವತಿ ಮಗಳನ್ನು ಕಟ್ಟಿಕೊಂಡು ತವರಿಗೆ, ಎಂದರೆ ನ್ಯೂ ಟೌನಿನಲ್ಲಿ ಹೂವು ಮಾರುವ ಶೇಷಮ್ಮನ ಒಂದು ಕೋಣೆಯ ಮನೆಗೆ ಬಂದು ಸೇರಿದ್ದಳು. ಒಂದು ಬೆಳಿಗ್ಗೆ ಶೇಷಮ್ಮ ಮೊಮ್ಮಗಳನ್ನು ಕೈಲಿ ಹಿಡಿದು, ಮಕ್ಕಳು ಬರುವ ಮೊದಲೇ ಶಾಲೆಯ ಜಗಲಿಯ ಮೇಲೆ ಕೂತಿದ್ದಳು. ಸೊಂಟದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು.

“ಕಲಾ ಎರಡ್ ದಿನದಿಂದ ಮನೇಗ್ ಬಂದಿಲ್ಲ ಟೀಚರಮ್ಮ. ಫೋನೂ ಹತ್ತಲ್ಲ. ಅಕ್ಕಿ ಡಬ್ಬದಲ್ಲಿ ಇದು ಇತ್ತು. ನಂಗೆ ಓದಕ್ ಬರಲ್ಲ, ಬೀದಿಯವರ ಕೈಗ್ ಕೊಟ್ರೆ ಸಂಜೆಯೊಳಗೆ ಊರೆಲ್ಲ ಆಡ್ಕೊಳ್ತದೆ. ನೀವಾದ್ರೆ ನಮ್ಮವ್ರು. ಏನ್ ಬರ್ದವಳೆ ನೋಡಿ.”

ಕಾಗದದಲ್ಲಿ ಇದ್ದದ್ದು ಇಷ್ಟು: ‘ಅವ್ವಾ, ನಾನು ಇನ್ನೊಂದು ಮದುವೆ ಮಾಡಿಕೊಳ್ಳುತ್ತಿದ್ದೇನೆ. ನನಗೆ ಮಗು ಇದೆ ಅಂತ ಅವರಿಗೆ ಹೇಳಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ. ಹೇಮನನ್ನು ನೀನೇ ಸಾಕು. ನಾನು ವಾಪಸ್ ಬರುವುದಿಲ್ಲ. ಹುಡುಕಬೇಡ. ಸತ್ತೆ ಅಂತ ತಿಳಿದುಕೋ.’

ಟೀಚರು ಒಂದು ಸಲ ಮನಸ್ಸಿನಲ್ಲಿ ಓದಿಕೊಂಡರು. ತಲೆ ಎತ್ತಿದರೆ ಮುದುಕಿಯ ಎರಡು ಕಣ್ಣು ಅವರ ಬಾಯಿಯ ಮೇಲೇ ನೆಟ್ಟಿದ್ದವು. ಏಳು ವರ್ಷದ ಹುಡುಗಿ ಅಜ್ಜಿಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿತ್ತು. ಆ ಹೊತ್ತಿನಲ್ಲಿ ಆ ಅಕ್ಷರಗಳನ್ನು ಇದ್ದ ಹಾಗೆ ಬಾಯಿಬಿಟ್ಟು ಓದಬಲ್ಲವರು ಯಾರಾದರೂ ಇದ್ದರೆ ಅವರ ಎದೆ ಕಲ್ಲೇ ಇರಬೇಕು.

“ಅವ್ವಾ, ನಾನು ದೂರದ ಊರಿಗೆ ಕೆಲಸಕ್ಕೆ ಹೋಗ್ತಾ ಇದೀನಿ” ಎಂದು ಟೀಚರು ಕಾಗದ ನೋಡುತ್ತಾ ಓದಿದರು. “ಹೇಮನ್ನ ಚೆನ್ನಾಗಿ ನೋಡ್ಕೋ.”

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅಷ್ಟರವರೆಗೆ ಹೇಳಿದ್ದು ಯಾವ ದೇವರಾದರೂ ಹೊಟ್ಟೆಗೆ ಹಾಕಿಕೊಳ್ಳುವಂಥ ಸುಳ್ಳು. ಆದರೆ ಅವರು ಟೀಚರು. ಒಂದು ತಿಂಗಳಿಂದ ಈ ಹುಡುಗಿಗೆ ಅ, ಆ ಕೂಡ ಹತ್ತುತ್ತಿರಲಿಲ್ಲ. ಇದರ ಆಸೆ ಯಾವುದಿರಬಹುದೆಂದು ಬಸ್ಸಿನಲ್ಲಿ ಕೂತು ಯೋಚಿಸಿ ಯೋಚಿಸಿ ಸೋತಿದ್ದರು. ಈಗ ಅದು ಕಣ್ಣೆದುರಿಗೇ ಸೆರಗು ಸುತ್ತಿಕೊಂಡು ನಿಂತಿತ್ತು. ಬುದ್ಧಿಗಿಂತ ಮುಂಚೆ ಅಭ್ಯಾಸ ಬಾಯಿ ತೆರೆಯಿತು.

“ಹೇಮ ಚೆನ್ನಾಗಿ ಓದೋದು ಬರಿಯೋದು ಕಲಿತ ದಿನ, ಬಂದು ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗ್ತೀನಿ.”

ಹುಡುಗಿ ಸೆರಗು ಬಿಟ್ಟು ತಲೆಯೆತ್ತಿತು. ಶೇಷಮ್ಮ ಕಾಗದವನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಅದನ್ನು ಹೇಗಾದರೂ ತಮ್ಮಲ್ಲೇ ಇಟ್ಟುಕೊಳ್ಳಬೇಕೆಂದು ಟೀಚರಿಗೆ ಹೊಳೆಯುವಷ್ಟರಲ್ಲಿ ಅದು ಮತ್ತೆ ಸೊಂಟ ಸೇರಿತ್ತು.

ಆ ಸಂಜೆ ಗಂಡ ಶಂಕರನಾರಾಯಣರಿಗೆ ಎಲ್ಲವನ್ನೂ ಹೇಳಿದರು. ಅವರು ವಿದ್ಯಾನಗರದ ಹೈಸ್ಕೂಲೊಂದರಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ಹೆಂಡತಿಯ ಕೋಪವನ್ನು ಮೂವತ್ತು ವರ್ಷದಿಂದ ನಗುತ್ತಲೇ ನಿಭಾಯಿಸಿದವರು. ಅವತ್ತು ನಗಲಿಲ್ಲ.

“ಸುಳ್ಳು ಹೇಳಿದ್ದು ಇರ್ಲಿ ಮಾರಾಯ್ತಿ, ನಾನಾದ್ರೂ ಅದನ್ನೇ ಹೇಳ್ತಿದ್ದೆ. ಅದಕ್ಕೊಂದು ಷರತ್ತು ಯಾಕ್ ಹಾಕ್ದೆ?”

“ಮಗು ಓದು ಕಲೀಲಿ ಅಂತ. ಕಲಿಯೋ ಅಷ್ಟೊತ್ತಿಗೆ ತಿಳುವಳಿಕೆ ಬಂದಿರುತ್ತೆ, ಆಗ ನಾನೇ ಕೂರಿಸ್ಕೊಂಡು ಹೇಳ್ತೀನಿ ಬಿಡಿ” ಎಂದು ಟೀಚರು ಒಳಗೆ ಹೋದರು. ಒಳ್ಳೆಯ ಉದ್ದೇಶವಿದ್ದವರಿಗೆ ಒಂದು ಅನುಕೂಲವಿದೆ, ಅವರಿಗೆ ನಿದ್ದೆ ಬೇಗ ಬರುತ್ತದೆ.

ಆಸೆ ಕೆಲಸ ಮಾಡಿತು. ಹಾಗೆ ಕೆಲಸ ಮಾಡಿದ ಆಸೆಯನ್ನು ಟೀಚರು ತಮ್ಮ ಸರ್ವಿಸಿನಲ್ಲೇ ನೋಡಿರಲಿಲ್ಲ. ಹುಡುಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸ್ಲೇಟು ಹಿಡಿದು ಕೂರುತ್ತಿತ್ತು. ಎರಡು ತಿಂಗಳಲ್ಲಿ ವರ್ಣಮಾಲೆ ಮುಗಿಯಿತು, ಬೇಸಿಗೆಯೊಳಗೆ ಕಾಗುಣಿತ ಮುಗಿಯಿತು. ಮೂರನೇ ತರಗತಿಗೆ ಬಂದು ಒತ್ತಕ್ಷರದ ಬಾಗಿಲಲ್ಲಿ ನಿಂತಿತ್ತು. ಅಲ್ಲಿಗೆ ದಸರಾ ರಜೆ ಬಂತು. ರಜೆ ಮುಗಿಸಿ ಬಂದವಳ ಮುಂದೆ ಟೀಚರು ಪುಸ್ತಕ ತೆರೆದಿಟ್ಟರೆ, ಹುಡುಗಿ ತುಂಬಾ ಹೊತ್ತು ಅದನ್ನೇ ನೋಡಿ, “ಗೊತ್ತಿಲ್ಲ ಮಿಸ್” ಎಂದಳು. ಮಾರನೆಯ ದಿನವೂ ಅದೇ. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅದೊಂದೇ ಉತ್ತರ.

ಟೀಚರು ಮಾಡದ ಪ್ರಯತ್ನವಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದರು, ಕಣ್ಣು ಚೆನ್ನಾಗಿತ್ತು. ಮರಳಿನಲ್ಲಿ ತಿದ್ದಿಸಿದರು, ಹುಣಸೆ ಬೀಜ ಜೋಡಿಸಿ ಓದಿಸಿದರು, ರಮಿಸಿದರು, ಗದರಿದರು, ಒಂದೆರಡು ಸಲ ಕಿವಿಯನ್ನೂ ಹಿಂಡಿದರು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ‘ಗೊತ್ತಿಲ್ಲ ಮಿಸ್’ ಎಂದಿತೇ ಹೊರತು ಒಂದಕ್ಷರವನ್ನೂ ಓದಲಿಲ್ಲ. ನಿಜ ಹೇಳಬೇಕೆಂದರೆ ಟೀಚರಿಗೆ ಒಳಗೊಳಗೇ ಒಂದು ಸಮಾಧಾನವೂ ಇತ್ತು. ಇವಳು ಓದದಷ್ಟು ದಿನ ಆ ಕಾಗದವನ್ನೂ ಓದುವುದಿಲ್ಲ. ಈ ಯೋಚನೆ ಬಂದಾಗಲೆಲ್ಲ ತಮ್ಮ ಮೇಲೆಯೇ ಅಸಹ್ಯವಾಗಿ ಮರುದಿನ ಇನ್ನಷ್ಟು ಜೋರಾಗಿ ಪಾಠ ಮಾಡುತ್ತಿದ್ದರು.

ಶುಕ್ರವಾರ ಸಂಜೆ ಬಸ್ಸಿಗೆ ಹೋಗುವ ಮುಂಚೆ ಶೇಷಮ್ಮನ ಬಳಿ ಹೂವು ಕೊಳ್ಳುವುದು ರೂಢಿ. ಶೇಷಮ್ಮ ಒಂದು ಮೊಳ ಅಳೆದು, ಮೇಲೆ ಒಂದು ಗೇಣು ಸೇರಿಸಿ ಕೊಡುತ್ತಾ, “ಎಲ್ಲಿಗ್ ಬಂತು ಟೀಚರಮ್ಮ ನಮ್ ಹೇಮನ್ ಓದು?” ಎಂದು ಕೇಳುತ್ತಿದ್ದಳು.

“ಬರ್ತದೆ ಶೇಷಮ್ಮ, ಬರ್ತದೆ.”

“ಬೇಗ ಬರ್ಲಿ. ನಂಗೂ ಕೈ ಸೋಲ್ತಾ ಐತೆ” ಎಂದು ಮುದುಕಿ ದಾರದ ತುದಿಯನ್ನು ಹಲ್ಲಿನಿಂದ ಕತ್ತರಿಸುತ್ತಿದ್ದಳು. ಮೊಮ್ಮಗಳ ವಿದ್ಯೆಯ ಮೇಲೆ ಎಷ್ಟು ಅಕ್ಕರೆ ಈ ಅಜ್ಜಿಗೆ ಎಂದುಕೊಳ್ಳುತ್ತಾ ಟೀಚರು ಹೂವು ಮುಡಿದುಕೊಂಡು ಬಸ್ಸು ಹತ್ತುತ್ತಿದ್ದರು.

ಸಂಕ್ರಾಂತಿ ಕಳೆದ ವಾರದಲ್ಲಿ ಒಂದು ಮಧ್ಯಾಹ್ನ, ಬಿಸಿಯೂಟ ಮುಗಿದು ಮಕ್ಕಳೆಲ್ಲ ಮೈದಾನದಲ್ಲಿದ್ದರು. ಟೀಚರು ಟಿಫಿನ್ ಡಬ್ಬಿ ತೊಳೆಯಲು ಹೊರಟವರು ಪುಸ್ತಕದ ಬೀರು ಇರುವ ಕೋಣೆಯ ಬಾಗಿಲಲ್ಲಿ ನಿಂತರು. ಒಳಗಿನಿಂದ ಯಾರೋ ಕಥೆ ಓದುವುದು ಕೇಳಿಸಿತು. ನೆಗಡಿಯಾದ ಆನೆಯ ಕಥೆ. ಆನೆಗೆ ಒಂದು ದನಿ, ಮದ್ದು ಅರೆಯುವ ಇಲಿಗೆ ಇನ್ನೊಂದು ದನಿ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಓಡಬೇಕೋ ಅಲ್ಲಿ ಓಡಿಸಿ ಓದುತ್ತಿದ್ದ ಆ ಓದಿಗೆ ಕಥೆಯ ಮೆಟ್ಟಿಲಲ್ಲಿ ಕೂತ ಮೂವತ್ತೇಳು ಮಕ್ಕಳಲ್ಲಿ ಒಬ್ಬರೂ ಸಾಟಿ ಇಲ್ಲ. ಯಾರಿದು ಎಂದು ಖುಷಿಯಿಂದ ಇಣುಕಿದರು.

ಬೀರುವಿನ ಹಿಂದೆ ಹೇಮಶ್ರೀ ಗೋಡೆಗೊರಗಿ ಕೂತಿದ್ದಳು. ಸುತ್ತ ಒಂದು, ಎರಡನೇ ತರಗತಿಯ ಚಿಳ್ಳೆಪಿಳ್ಳೆಗಳು. ಕವನಾ ಎಂಬ ಪುಟ್ಟಿ ಅವಳ ತೊಡೆಯ ಮೇಲೆ ತಲೆಯಿಟ್ಟು, “ಹೇಮಕ್ಕ, ಇಲಿದು ಇನ್ನೊಂದ್ ಸಲ” ಎನ್ನುತ್ತಿತ್ತು. ಟೀಚರನ್ನು ಕಂಡದ್ದೇ ಹೇಮಶ್ರೀ ಪುಸ್ತಕವನ್ನು ತಲೆಕೆಳಗಾಗಿ ತಿರುಗಿಸಿಕೊಂಡಳು.

“ಚಿತ್ರ ನೋಡ್ಕೊಂಡ್ ಹೇಳ್ತಿದ್ದೆ ಮಿಸ್.”

ಟೀಚರಿಗೆ ಉರಿದುಹೋಯಿತು. ಹುಡುಗಿಯ ರಟ್ಟೆ ಹಿಡಿದು ಆಫೀಸು ಕೋಣೆಗೆ ಎಳೆದುಕೊಂಡು ಹೋದರು. “ಎರಡು ವರ್ಷದಿಂದ ನನ್ನ ಆಟ ಆಡಿಸ್ತಿದೀಯಾ? ನಾನೇನು ಹುಚ್ಚಿ ಅನ್ಕೊಂಡ್ಯಾ? ಯಾವಾಗಿಂದ ಬರುತ್ತೆ ನಿಂಗೆ ಓದೋಕೆ?”

“ಮೂರನೇ ಕ್ಲಾಸಿಂದ.”

“ಮತ್ತೆ ಯಾಕೆ ಬರಲ್ಲ ಅಂದೆ?”

ಹುಡುಗಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯಿತು. ಆಮೇಲೆ, ಪಾಠ ಒಪ್ಪಿಸುವ ಹಾಗೆ ಹೇಳತೊಡಗಿತು.

“ಅಮ್ಮನ ಪತ್ರ ಓದ್ದೆ ಮಿಸ್. ದಸರಾ ರಜೇಲಿ, ಅಜ್ಜಿ ಹೂವಿಗ್ ಹೋದಾಗ. ಒಂದೇ ದಿನಕ್ಕೆ ಆಗ್ಲಿಲ್ಲ. ಒತ್ತಕ್ಷರ ಸರಿಯಾಗಿ ಬರ್ತಿರ್ಲಿಲ್ಲ ನಂಗೆ. ನಾಲ್ಕ್ ದಿನ ಹಿಡೀತು.”

ಟೀಚರು ಕುರ್ಚಿ ಎಳೆದುಕೊಂಡು ಕುಳಿತರು. ಎದೆಯಲ್ಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಆ ಜಾಗದಲ್ಲಿ ಏನೂ ಇರಲಿಲ್ಲ. ಈ ಮಗು ತನ್ನ ಜೀವನದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಓದಿ ಮುಗಿಸಿದ್ದು ಆ ಕಾಗದ.

“ನೀವು ಓದಿದ್ದು ಅದ್ರಲ್ಲಿ ಇರ್ಲಿಲ್ಲ ಮಿಸ್. ನಾನು ಓದು ಕಲಿತ್ರೆ ಬರ್ತೀನಿ ಅಂದಿದ್ದು. ತುಂಬಾ ಹುಡುಕ್ದೆ. ಹಿಂದ್ಗಡೆ ಪುಟಾನೂ ನೋಡ್ದೆ.”

ದೂರುವ ದನಿಯಲ್ಲಿ ಹೇಳಿದ್ದರೆ ಟೀಚರು ತಡೆದುಕೊಳ್ಳುತ್ತಿದ್ದರೇನೋ. ಹುಡುಗಿ ಕಳೆದ ಪೆನ್ಸಿಲಿನ ವಿಷಯ ಹೇಳುವ ಹಾಗೆ ಹೇಳಿತು. ಟೀಚರು ಅದರ ಕೈ ಹಿಡಿಯಲು ಹೋದರು, ಅದು ಕೈ ಕೊಟ್ಟಿತು, ಬೆರಳುಗಳು ತಣ್ಣಗಿದ್ದವು.

“ನನ್ನ ಬಂದು ಕೇಳ್ಬಹುದಿತ್ತಲ್ಲ ಪುಟ್ಟ.”

“ಕೇಳಿದ್ರೆ ಅಜ್ಜಿಗೆ ಗೊತ್ತಾಗುತ್ತೆ ಅಂತ ಕೇಳ್ಲಿಲ್ಲ. ಅಜ್ಜಿ ದಿನಾ ಅಡಿಗೆ ಮಾಡೋವಾಗ, ಅಮ್ಮ ಬಂದ್ಮೇಲೆ ಏನೇನ್ ಮಾಡ್ಬೇಕು ಅಂತ ಹೇಳುತ್ತೆ. ಅಮ್ಮಂಗೆ ಸೀರೆನೂ ತಂದಿಟ್ಟಿದೆ. ಮಿಸ್, ನಾನು ಓದಕ್ ಕಲ್ತೆ ಅಂದ್ರೆ ಅಜ್ಜಿ ಮಾರನೇ ದಿನದಿಂದ ಬಾಗ್ಲಲ್ಲಿ ಕೂತ್ಕೊಳುತ್ತೆ. ಅಮ್ಮ ಬರಲ್ಲ. ಆಮೇಲೆ ಅಜ್ಜಿ ಏನ್ ಮಾಡುತ್ತೆ? ನಾನು ಕಲೀದೇ ಇದ್ರೆ, ಅಮ್ಮ ಬರ್ದೇ ಇರೋದು ನನ್ನಿಂದ ಅಂತ ಆಗುತ್ತೆ. ಇನ್ನೂ ಬರ್ಬಹುದು ಅಂತ ಇರುತ್ತೆ.”

ಹೊರಗೆ ಮಧ್ಯಾಹ್ನದ ಗಂಟೆ ಹೊಡೆಯಿತು. ಹುಡುಗಿ ಬಾಗಿಲವರೆಗೆ ಹೋಗಿ ತಿರುಗಿತು.

“ಅಜ್ಜಿಗೆ ಹೇಳ್ಬೇಡಿ ಮಿಸ್. ಬೇಕಾದ್ರೆ ನನ್ನ ಫೇಲ್ ಮಾಡಿ.”

ಆ ಶನಿವಾರ ಶಿವಮೊಗ್ಗದಲ್ಲಿ ಹೊಸದಾಗಿ ಸೇರಿದ ಶಿಕ್ಷಕರಿಗೆ ತರಬೇತಿ ಇತ್ತು, ಸೀತಾಲಕ್ಷ್ಮಿ ಟೀಚರದೇ ಮೊದಲ ಉಪನ್ಯಾಸ. ತಿಂಡಿಪೋತ ಯೋಗರಾಜನ ಕಥೆಗೆ ಎಂದಿನಂತೆ ಚಪ್ಪಾಳೆ ಬಿತ್ತು. ಎಳೆಯ ಮೇಷ್ಟ್ರೊಬ್ಬ ಎದ್ದು ನಿಂತು, “ಮೇಡಂ, ಆಸೆ ತೋರಿಸಿಯೂ ಓದದೇ ಇರೋ ಮಗು ಯಾವುದಾದ್ರೂ ಸಿಕ್ಕಿದೆಯಾ ನಿಮಗೆ?” ಎಂದು ಕೇಳಿದ. ಟೀಚರು ಬಾಯಿ ತೆರೆದರು. ತಲೆ ಸುತ್ತುತ್ತಿದೆ ಎಂದು ಹೇಳಿ ಅರ್ಧಕ್ಕೇ ಎದ್ದು ಆಟೋ ಹಿಡಿದು ಮನೆಗೆ ಬಂದರು.

ಶಂಕರನಾರಾಯಣರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು.

“ಹೇಳ್ಬೇಡಿ ಅಂತ ಅಂಗಲಾಚಿದೆ ರೀ ಮಗು. ಹೇಳ್ಲೋ ಬೇಡ್ವೋ?”

“ಹನ್ನೊಂದು ವರ್ಷದ ಮಗು ಮಾರಾಯ್ತಿ ಅದು. ಅದು ಹೊತ್ಕೊಂಡಿರೋದು ನಿನ್ನ ಮೂಟೆ. ಇಳಿಸ್ಬೇಕಾದವ್ಳು ನೀನೇ.”

“ಅಜ್ಜಿ ತಡ್ಕೋತಾಳಾ?”

“ಅದು ನಂಗೊತ್ತಿಲ್ಲ” ಎಂದರು ಅವರು.

ಟೀಚರು ಇಡೀ ರಾತ್ರಿ ಯೋಚಿಸಿದರು. ಹೇಳದಿದ್ದರೆ ಹುಡುಗಿ ಜೂನ್ ತಿಂಗಳಲ್ಲಿ ಹೊಸ ಶಾಲೆಗೆ ದಡ್ಡಿಯೆಂಬ ಹೆಸರು ಹೊತ್ತು ಹೋಗುತ್ತದೆ. ಅಲ್ಲಿಯೂ ಗೊತ್ತಿಲ್ಲ ಗೊತ್ತಿಲ್ಲ ಎನ್ನುತ್ತಾ ಹಿಂದಿನ ಬೆಂಚಿನಲ್ಲಿ ಕೂರುತ್ತದೆ, ಏಳು ಎಂಟರ ಹೊತ್ತಿಗೆ ಶಾಲೆ ಬಿಟ್ಟು ಹೂವು ಕಟ್ಟಲು ಕೂರುತ್ತದೆ. ಅಂಥ ಓದು ಇದ್ದೂ. ಇಷ್ಟೆಲ್ಲ ಲೆಕ್ಕ ಹಾಕುವಾಗ, ಏಣಿಯ ಮೇಲಿನ ಮೂವತ್ತೆಂಟನೆಯ ಚೀಟಿ ಮನಸ್ಸಿನ ಮೂಲೆಯಲ್ಲಿ ಒಂದು ಸಲವೂ ಸುಳಿಯಲಿಲ್ಲವೇ ಎಂದರೆ, ಸುಳಿಯಿತು. ಅದನ್ನು ಅವರು ತಳ್ಳಿದರು. ಭಾನುವಾರ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದರು.

ಶೇಷಮ್ಮ ಬಾಗಿಲಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ಹೇಮಶ್ರೀ ಬೀದಿಯ ನಲ್ಲಿಗೆ ನೀರಿಗೆ ಹೋಗಿದ್ದಳು. ಟೀಚರು ರಜೆಯ ದಿನ ಮನೆಬಾಗಿಲಿಗೆ ಬಂದದ್ದು ನೋಡಿ ಮುದುಕಿಯ ಮುಖ ಅರಳಿತು. ಒಳಗಿಂದ ಚಾಪೆ ತಂದು ಕೊಡವಿ ಹಾಸಿದಳು.

“ಓದು ಬಂತಾ ಟೀಚರಮ್ಮ? ಅದಕ್ಕೇ ಬಂದ್ರಾ?”

ಟೀಚರು ಚಾಪೆಯ ಮೇಲೆ ಕೂರಲಿಲ್ಲ, ಹೊಸ್ತಿಲ ಬಳಿ ನೆಲದ ಮೇಲೇ ಕೂತರು. ಸುತ್ತಿ ಬಳಸದೆ ಹೇಳಿದರು. ಅವತ್ತು ಓದಿದ್ದು ತಾನು ಕಟ್ಟಿ ಹೇಳಿದ್ದು ಎಂದರು. ಕಾಗದದಲ್ಲಿ ಇದ್ದದ್ದು ಇಂಥದ್ದು ಎಂದರು. ಶೇಷಮ್ಮನ ಬೆರಳುಗಳು ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ. ಎರಡು ಹೂವು, ಒಂದು ಗಂಟು, ಮತ್ತೆ ಎರಡು ಹೂವು.

“ಸತ್ತೆ ಅಂತ ತಿಳ್ಕೋ ಅಂತ ಬರ್ದಿದ್ಳಾ?”

“ಹೌದು ಶೇಷಮ್ಮ.”

“ಯಾವ ಊರು ಅಂತ?”

“ಬರ್ದಿಲ್ಲ.”

ಶೇಷಮ್ಮ ತಲೆಯಾಡಿಸಿದಳು. ಟೀಚರಿಗೆ, ಪರವಾಗಿಲ್ಲ, ಗಟ್ಟಿ ಹೆಂಗಸು, ತಡೆದುಕೊಂಡಳು ಎನಿಸಿತು. ಇನ್ನು ಒಳ್ಳೆಯ ಸುದ್ದಿಯನ್ನೂ ಹೇಳಿಬಿಡಬೇಕೆಂದು ಮುಂದುವರಿಸಿದರು.

“ಆದ್ರೆ ಹೇಮ ದಡ್ಡಿ ಅಲ್ಲ ಶೇಷಮ್ಮ. ಅವಳಿಗೆ ಓದಕ್ಕೆ ಬರುತ್ತೆ. ನಮ್ಮ ಶಾಲೇಲೇ ಅವಳಷ್ಟು ಚೆನ್ನಾಗಿ ಓದೋರು ಯಾರೂ ಇಲ್ಲ. ಆ ಕಾಗದಾನೂ ಅವಳು ಮೂರನೇ ಕ್ಲಾಸಲ್ಲೇ ಓದಿದಾಳೆ. ನಿಮಗೆ ನೋವಾಗಬಾರ್ದು ಅಂತ ಇಷ್ಟು ದಿನ ಬರಲ್ಲ ಅಂತಿದ್ಳು.”

ಆಗ ಬೆರಳು ನಿಂತಿತು. ಶೇಷಮ್ಮ ದಾರವನ್ನು ಕೈಬಿಟ್ಟಳು. ಕಟ್ಟದ ಹೂವುಗಳು ಮಡಿಲಿನಿಂದ ನೆಲಕ್ಕೆ ಉದುರಿದವು.

“ಗೊತ್ತಿತ್ತಾ ಅದ್ಕೆ? ಎಲ್ಲಾ ಗೊತ್ತಿತ್ತಾ?”

“ಗೊತ್ತಿತ್ತು.”

“ಟೀಚರಮ್ಮ” ಎಂದಳು ಶೇಷಮ್ಮ. ದನಿ ಎಲ್ಲಿಂದಲೋ ಬಂದಂತಿತ್ತು. “ನಾನು ಅದನ್ನ ದಿನಾ ಬೈದಿದೀನಿ. ದಿನಾ. ಹೊಡ್ದಿದೀನಿ. ನೀನ್ ಓದು ಕಲೀಲಿಲ್ಲ ಅಂತಾನೇ ನನ್ ಮಗ್ಳು ಬರ್ತಿಲ್ಲ, ನೀನ್ ಹುಟ್ಟಿ ನನ್ ಮಗ್ಳನ್ನ ನನ್ನಿಂದ ಕಿತ್ಕೊಂಡೆ ಅಂತ ಅಂದಿದೀನಿ. ಹೋದ ಗೌರಿ ಹಬ್ಬದಲ್ಲಿ ಕಲಾನ್ ನೆನಪಾಗಿ, ಉಣ್ಣೋ ತಟ್ಟೆ ಕಿತ್ಕೊಂಡು ಆಚೆ ದಬ್ಬಿ ಬಾಗ್ಲು ಹಾಕಿದೀನಿ. ಮಳೇಲಿ ನಿಂತಿತ್ತು. ಅವಾಗ್ಲೂ ಬಾಯ್ ಬಿಡ್ಲಿಲ್ವಲ್ಲ ಅದು. ನಂಗೆ ಓದಕ್ ಬರ್ತದೆ ಅಜ್ಜಿ ಅಂತ ಒಂದ್ ಮಾತು ಹೇಳ್ಲಿಲ್ವಲ್ಲ.”

ಶುಕ್ರವಾರ ಶುಕ್ರವಾರ ಒಂದು ಮೊಳ ಹೂವಿನ ಮೇಲೆ ಕೇಳುತ್ತಿದ್ದ ಪ್ರಶ್ನೆಗೆ ತಾವು ಕೊಡುತ್ತಿದ್ದ ಉತ್ತರ ಸಂಜೆ ಈ ಮನೆಯೊಳಗೆ ಏನಾಗುತ್ತಿತ್ತು ಎಂಬುದು ಟೀಚರಿಗೆ ಈಗ ತಿಳಿಯಿತು. ಆಸೆಯ ಪಕ್ಕಕ್ಕೆ ಅಕ್ಷರ ತಂದಿಟ್ಟಿದ್ದು ಅವರು, ಅದಕ್ಕೆ ಏಟು ತಿಂದಿದ್ದು ಆ ಮಗು. ಶೇಷಮ್ಮನ ಕಾಲು ಮುಟ್ಟಬೇಕೆನಿಸಿ ಕೈ ಚಾಚಿದರು. ಶೇಷಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ನೀವ್ ಓದಿದ್ದು ಅಂದ್ರೆ ದೇವ್ರ ಮಾತು ಅಂದ್ಕೊಂಡೆ ನಾನು” ಎಂದಳು, ಅಷ್ಟೇ.

ಬೀದಿಯಿಂದ ಹೇಮಶ್ರೀ ಬಂದಳು. ಸೊಂಟದಲ್ಲಿ ಕೊಡ, ಲಂಗದ ಅಂಚು ಒದ್ದೆ. ಹೊಸ್ತಿಲಲ್ಲಿ ಟೀಚರನ್ನು, ನೆಲದ ಮೇಲೆ ಚೆಲ್ಲಿದ ಹೂವನ್ನು, ಅಜ್ಜಿಯ ಮುಖವನ್ನು ಒಂದಾದ ಮೇಲೊಂದು ನೋಡಿದಳು. ಹುಡುಗಿಗೆ ಓದಲು ಬರುತ್ತಿತ್ತಲ್ಲ, ಎಲ್ಲವೂ ಅರ್ಥವಾಯಿತು.

“ಹೇಳ್ಬಿಟ್ರಾ ಮಿಸ್?”

ಹೇಮಶ್ರೀ ಕೊಡ ಇಳಿಸಿ ಓಡಿ ಬಂದು ಅಜ್ಜಿಯ ಮುಂದೆ ಮಂಡಿಯೂರಿದಳು. ಎರಡೂ ಒದ್ದೆ ಕೈಗಳಿಂದ ಅಜ್ಜಿಯ ಗಲ್ಲ ಹಿಡಿದುಕೊಂಡಳು.

“ಇಲ್ಲ ಅಜ್ಜಿ, ಸುಳ್ಳು. ಮಿಸ್ ಸುಳ್ ಹೇಳ್ತಿದಾರೆ. ನಂಗ್ ಓದಕ್ ಬರಲ್ಲ. ನಿಜವಾಗ್ಲೂ ಬರಲ್ಲ ಅಜ್ಜಿ, ಒಂದ್ ಅಕ್ಷರಾನೂ ಬರಲ್ಲ. ಇನ್ಮೇಲೆ ಕಲೀತೀನಿ. ನಾನ್ ಕಲ್ತ್ಮೇಲೆ ಅಮ್ಮ ಬರುತ್ತೆ. ನೀನ್ ಬೇಕಾದ್ರೆ ಹೊಡಿ ಅಜ್ಜಿ, ನಂಗ್ ಬರಲ್ಲ.”

ಶೇಷಮ್ಮ ಅವಳ ಬಾಯಿಯ ಮೇಲೆ ಕೈಯಿಟ್ಟಳು, ತಲೆ ಸವರಿದಳು, ಸಾಕು ಮಗಾ, ಸಾಕು ಎಂದಳು. ಹುಡುಗಿ ಆ ಕೈಯನ್ನು ಸರಿಸಿ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದಳು.